ಕಲವಾವೊದಲ್ಲಿ ನೆಲೆಸಿದ ಸೇವೆ: ಫಾದರ್ ಡೇಮಿಯನ್ ಮತ್ತು ಕ್ರೈಸ್ತ ತ್ಯಾಗದ ಮರುಪರಿಶೀಲನೆ

ಪೀಠಿಕೆ

ಕ್ರೈಸ್ತ ಸೇವಾ ಪರಂಪರೆಯ ಕುರಿತು ಬರೆಯುವವರು ತ್ಯಾಗ, ಪ್ರೀತಿ, ಸೇವೆ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ವಾಡಿಕೆ. ಈ ಮೂರರ ನಡುವಣ ಸಂಬಂಧ ಅಷ್ಟು ಸರಳವಾದುದಲ್ಲ. ಪ್ರಾಣ ತೆತ್ತವರೆಲ್ಲರಿಂದ ಸೇವೆ ನಡೆದಿರಬೇಕೆಂದಿಲ್ಲ. ಸೇವೆ ಮಾಡಿದವರೆಲ್ಲ ಪ್ರಾಣ ತೆತ್ತಿರಬೇಕೆಂದೂ ಇಲ್ಲ. ಹವಾಯಿಯ ಮೊಲೊಕಾಯಿ ದ್ವೀಪದ ಕಲವಾವೊದಲ್ಲಿ ಕುಷ್ಠರೋಗಿಗಳ ನಡುವೆ ಸುಮಾರು 16 ವರ್ಷ ಬಾಳಿ, ಅದೇ ರೋಗದಿಂದ ತೀರಿಕೊಂಡ ಬೆಲ್ಜಿಯಂನ ಗುರು ಡೇಮಿಯನ್ (1840–1889) ಅವರ ಜೀವನ ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ನಿದರ್ಶನ. ಅವರ ಚರಿತ್ರೆಯನ್ನು ಸಾಮಾನ್ಯವಾಗಿ ಸಾವಿನಿಂದ ಹಿಂದಕ್ಕೆ ಓದಲಾಗುತ್ತದೆ: ರೋಗ ಅಂಟಿತು, ಆದ್ದರಿಂದ ಅವರು ತ್ಯಾಗಿ. ಈ ಓದು ಅವರ ನಿತ್ಯದ ದುಡಿಮೆಯನ್ನೂ ಅವರ ಜೊತೆ ದುಡಿದವರನ್ನೂ ಮರೆಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಕಲವಾವೊದ ಸೇವೆಯ ತಿರುಳು ಅಲ್ಲಿ ನೆಲೆಸಿದ್ದರಲ್ಲಿದೆ. ರೋಗ ಅದರ ಪರಿಣಾಮಗಳಲ್ಲೊಂದು ಮಾತ್ರ.

ಶಾಸ್ತ್ರಾಧಾರ

ತ್ಯಾಗದ ಕ್ರೈಸ್ತ ವ್ಯಾಖ್ಯಾನಕ್ಕೆ ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯ ಮುಖ್ಯ ಆಕರ. ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದನೆಂಬ ಚಿಂತನೆ ಅಲ್ಲಿದೆ. ಆದರೆ ಅದೇ ಪೌಲ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೇ ಅಧ್ಯಾಯದಲ್ಲಿ, ಪ್ರೀತಿಯಿಲ್ಲದೆ ಒಬ್ಬನು ತನ್ನ ದೇಹವನ್ನೇ ಕೊಟ್ಟರೂ ಅದರಿಂದ ಏನೂ ಪ್ರಯೋಜನವಿಲ್ಲ ಎನ್ನುತ್ತಾನೆ. ತ್ಯಾಗ ತಾನೇ ತನಗೆ ಅಳತೆಗೋಲಾಗಲಾರದು ಎಂಬ ನಿಲುವು ಹೀಗೆ ಹೊಸ ಒಡಂಬಡಿಕೆಯ ಒಳಗೇ ಇದೆ.

ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಬರುವ ಕುಷ್ಠರೋಗಿಯ ಪ್ರಸಂಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಯಾಜಕಕಾಂಡದ 13ನೇ ಅಧ್ಯಾಯದ ಪ್ರಕಾರ ಇಂಥ ಚರ್ಮರೋಗಿ ಪಾಳೆಯದ ಹೊರಗೆ ಒಬ್ಬಂಟಿಯಾಗಿ ಇರತಕ್ಕದ್ದು. ಯೇಸು ಅಂಥವನನ್ನು ಮೊದಲು ಮುಟ್ಟುತ್ತಾನೆ, ಆಮೇಲೆ ಗುಣಪಡಿಸುತ್ತಾನೆ. ಗುಣವಾದವನು ಜನರ ನಡುವೆ ಹೋಗಿ ಸುದ್ದಿ ಸಾರುತ್ತಾನೆ. ಯೇಸುವಿಗೆ ಬಹಿರಂಗವಾಗಿ ಊರೊಳಗೆ ಕಾಲಿಡಲಾಗದೆ ನಿರ್ಜನ ಸ್ಥಳಗಳಲ್ಲಿ ಉಳಿಯಬೇಕಾಗುತ್ತದೆ. ಇಬ್ಬರ ಜಾಗ ಅದಲುಬದಲಾಗುತ್ತದೆ. ಡೇಮಿಯನ್ ಅವರ ನಿರ್ಧಾರವನ್ನು ಗ್ರಹಿಸಲು ಈ ಸ್ಥಾನಪಲ್ಲಟದ ಕಲ್ಪನೆ ಹೆಚ್ಚು ನೆರವಾಗುತ್ತದೆ.

ಕಾಯಿದೆ ಮತ್ತು ಕರಾವಳಿ

ಹವಾಯಿಯ ಅರಸೊತ್ತಿಗೆ 1865ರಲ್ಲಿ ಕುಷ್ಠರೋಗ ತಡೆ ಕಾಯಿದೆಯನ್ನು ತಂದಿತು. 1866ರ ಜನವರಿ 6ರಂದು ರೋಗಿಗಳ ಮೊದಲ ತಂಡವನ್ನು ಮೊಲೊಕಾಯಿಯ ಉತ್ತರ ತೀರದ ಕಲವಾವೊದಲ್ಲಿ ಇಳಿಸಲಾಯಿತು. ಮೂರು ದಿಕ್ಕಿಗೆ ಸಮುದ್ರ, ಬೆನ್ನಿಗೆ ನೆಟ್ಟಗೆ ನಿಂತ ಬಂಡೆಗೋಡೆ. ಕಾವಲುಗಾರರ ಅಗತ್ಯವೇ ಇರಲಿಲ್ಲ. ರೋಗಿಗಳು ಉತ್ತು ಬಿತ್ತಿ ಹೊಟ್ಟೆ ಹೊರೆದುಕೊಳ್ಳಬೇಕೆಂಬುದು ಸರ್ಕಾರದ ಎಣಿಕೆ. ಬೆರಳು ಮರಗಟ್ಟಿದವರಿಂದ ಅದು ಆಗುವ ಮಾತಾಗಿರಲಿಲ್ಲ. 1969ರಲ್ಲಿ ನಿರ್ಬಂಧ ತೆರವಾಗುವವರೆಗೆ ಸುಮಾರು 8,000 ಜನರನ್ನು ಈ ತೀರಕ್ಕೆ ಗಡಿಪಾರು ಮಾಡಲಾಯಿತು. ಅವರಲ್ಲಿ ಬಹುಪಾಲು ಮೂಲ ಹವಾಯಿ ಜನ.

ಡೇಮಿಯನ್ ಬರುವ ಮುನ್ನ ಅಲ್ಲಿ ಬರೀ ಅರಾಜಕತೆಯಿತ್ತು ಎಂಬ ಜನಪ್ರಿಯ ಚಿತ್ರಣವನ್ನು ಇಲ್ಲಿ ತಿದ್ದಬೇಕಾಗಿದೆ. 1866ರಲ್ಲೇ 35 ಮಂದಿ ಪ್ರಾಟೆಸ್ಟೆಂಟ್ ರೋಗಿಗಳು ಸೇರಿ ಸಿಲೊವಾಮ ಎಂಬ ಸಭೆಯನ್ನು ಕಟ್ಟಿಕೊಂಡಿದ್ದರು. ಹೆಂಡತಿ, ಗಂಡ, ಮಗಳು, ತಾಯಿ ರೋಗಿಯಾದಾಗ ಜೊತೆಗೇ ಬಂದುಬಿಟ್ಟ ಆರೋಗ್ಯವಂತ ಬಂಧುಗಳೂ ಅಲ್ಲಿದ್ದರು. ‘ಕೊಕುವಾ’ ಎಂದು ಕರೆಯಲ್ಪಟ್ಟ ಇವರೇ ಅಲ್ಲಿನ ಮೊದಲ ದಾದಿಯರು.

ದುಡಿಮೆಯ ರೂಪದ ಧರ್ಮ

ಬೆಲ್ಜಿಯಂನ ಟ್ರೆಮೆಲೊದಲ್ಲಿ ಹುಟ್ಟಿದ ಯೋಸೆಫ್ ದೆ ವೋಸ್ಟರ್, ಅಂದರೆ ಡೇಮಿಯನ್, ಹವಾಯಿಗೆ ಬಂದದ್ದು ಅಣ್ಣನ ಬದಲಿಗೆ. ಹೊರಡಬೇಕಿದ್ದ ಅಣ್ಣ ಪಾಂಫಿಲ್ ಕಾಯಿಲೆ ಬಿದ್ದಾಗ ತಮ್ಮ ಆ ಸ್ಥಾನ ಬೇಡಿ ಪಡೆದರು. 1864ರಲ್ಲಿ ಹೊನೊಲುಲುವಿನಲ್ಲಿ ಗುರುದೀಕ್ಷೆಯಾಗಿ, ಒಂಬತ್ತು ವರ್ಷ ಹವಾಯಿ ದ್ವೀಪದ ಪುನಾ, ಕೊಹಾಲಾ ಭಾಗಗಳಲ್ಲಿ ದುಡಿದು, ಅಲ್ಲಿನ ಭಾಷೆ ಕಲಿತಿದ್ದರು. ಧರ್ಮಾಧ್ಯಕ್ಷ ಮೆಗ್ರೆ ಕಲವಾವೊಗೆ ನಾಲ್ವರು ಗುರುಗಳನ್ನು ಸರದಿಯಂತೆ ಕಳಿಸುವ ಯೋಜನೆ ಹಾಕಿದ್ದರು. ಮೊದಲ ಸರದಿಯಲ್ಲಿ, 1873ರ ಮೇ 10ರಂದು ಬಂದಿಳಿದ ಡೇಮಿಯನ್ ಅಲ್ಲೇ ಉಳಿದರು. ಆರಂಭದ ರಾತ್ರಿಗಳನ್ನು ಕಳೆದದ್ದು ಕೇದಗೆ ಜಾತಿಯ ಒಂದು ಮರದಡಿಯಲ್ಲಿ.

1886ರಲ್ಲಿ ಅವರು ಆರೋಗ್ಯ ಮಂಡಳಿಗೆ ತಮ್ಮ 13 ವರ್ಷಗಳ ಅನುಭವದ ವರದಿ ಸಲ್ಲಿಸಿದರು. ಒಬ್ಬ ಧರ್ಮಗುರುವಿನ ಬರಹವೆಂದು ಅದನ್ನು ಓದಹೊರಟವರಿಗೆ ಆಶ್ಚರ್ಯ ಕಾದಿರುತ್ತದೆ. ನೀರು, ಅನ್ನ, ಬಟ್ಟೆ, ಸೂರು ಇವೇ ಅದರ ವಿಷಯಗಳು. 1874ರ ಚಳಿಗಾಲದಲ್ಲಿ ದಕ್ಷಿಣದ ಗಾಳಿಗೆ ಅರೆಕೊಳೆತ ಗುಡಿಸಲುಗಳು ನೆಲಕಚ್ಚಿ, ರೋಗಿಗಳು ಗಾಳಿಮಳೆಗೆ ಮೈಯೊಡ್ಡಿ ಮಲಗಿದ್ದುದನ್ನು ಅವರು ವಿವರಿಸುತ್ತಾರೆ; ಆ ಬಳಿಕ ಮರಮುಟ್ಟು ತರಿಸಿ ಮನೆ ಕಟ್ಟಿಸಿದ ಕ್ರಮವನ್ನು ಹೇಳುತ್ತಾರೆ. ಕೊಳವೆಯಲ್ಲಿ ನೀರು ಬಂದದ್ದರಿಂದ ಹುಣ್ಣು ತೊಳೆಯುವುದು, ಬಟ್ಟೆ ಒಗೆಯುವುದು ಸಾಧ್ಯವಾಯಿತೆಂಬುದು ಅವರ ಲೆಕ್ಕದಲ್ಲಿ ದೊಡ್ಡ ಸಂಗತಿ. ಶವಪೆಟ್ಟಿಗೆಗಳನ್ನೂ ಅವರೇ ಮಾಡುತ್ತಿದ್ದರು, ಗುಂಡಿಯನ್ನೂ ತೋಡುತ್ತಿದ್ದರು.

ಸಂತ ಫಿಲೊಮಿನಾ ದೇವಾಲಯದ ಒಂದು ವಿವರ ಈ ಧರ್ಮದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ಬಾಯಲ್ಲಿ ಜೊಲ್ಲು, ಕಫ ತುಂಬಿಕೊಳ್ಳುತ್ತಿದ್ದ ರೋಗಿಗಳು ಬಲಿಪೂಜೆಯ ನಡುವೆ ಎದ್ದು ಹೊರಹೋಗಬೇಕಾಗುತ್ತಿತ್ತು; ನಾಚಿಕೆಯಿಂದ ಬರುವುದನ್ನೇ ಬಿಟ್ಟವರೂ ಇದ್ದರು. ಡೇಮಿಯನ್ ನೆಲದ ಹಲಗೆಗಳಲ್ಲಿ ತೂತು ಕೊರೆದರು. ಎಲೆಯೊಂದನ್ನು ಸುರುಳಿ ಸುತ್ತಿ ತೂತಿಗೆ ಇಟ್ಟುಕೊಂಡರೆ ಕುಳಿತಲ್ಲಿಂದಲೇ ಉಗುಳಬಹುದಿತ್ತು. ರೋಗಿಯ ದೇಹ ಇರುವಂತೆಯೇ ದೇವಾಲಯದೊಳಗೆ ಸ್ವೀಕೃತವಾಗಬೇಕು ಎಂಬ ದೇವಶಾಸ್ತ್ರ ಆ ತೂತುಗಳಲ್ಲಿದೆ. ಇಂಥ ಉಪಾಯ ಹೊಳೆಯಬೇಕಾದರೆ ಆ ಜನರ ಪಕ್ಕದಲ್ಲಿ ಬಹುಕಾಲ ಕುಳಿತಿರಬೇಕು.

ಆ ನೆಲೆಸುವಿಕೆಗೆ ಬೆಲೆಯೂ ಇತ್ತು. ಪ್ರತ್ಯೇಕತೆಯ ನಿಯಮ ಗುರುವಿಗೂ ಅನ್ವಯವಾದಾಗ ಪಾಪನಿವೇದನೆಗೆ ಇನ್ನೊಬ್ಬ ಗುರು ಸಿಗುವುದೇ ಕಷ್ಟವಾಯಿತು. ಒಮ್ಮೆ ಹಡಗಿನಲ್ಲಿ ಬಂದ ಮೇಲಧಿಕಾರಿಯನ್ನು ಕಪ್ತಾನ ಕೆಳಗಿಳಿಯಬಿಡಲಿಲ್ಲ. ಡೇಮಿಯನ್ ದೋಣಿಯಲ್ಲಿ ಹಡಗಿನ ಬಳಿಗೆ ಹೋಗಿ, ಕೆಳಗೆ ನಿಂತೇ ಫ್ರೆಂಚ್ ಭಾಷೆಯಲ್ಲಿ ತಮ್ಮ ಪಾಪಗಳನ್ನು ಕೂಗಿ ನಿವೇದಿಸಿಕೊಂಡರೆಂದು ಅವರ ಚರಿತ್ರಕಾರರು ದಾಖಲಿಸಿದ್ದಾರೆ. ರೋಗ ತಗಲುವುದಕ್ಕೆ ಎಷ್ಟೋ ಮೊದಲು, 1873ರಲ್ಲೇ, ತಾನು ಬೋಧನೆಯಲ್ಲಿ ‘ನಾವು ಕುಷ್ಠರೋಗಿಗಳು’ ಎಂದೇ ಹೇಳುವುದಾಗಿ ಅವರು ಅಣ್ಣನಿಗೆ ಬರೆದಿದ್ದರು. 1884ರ ಕೊನೆಯಲ್ಲಿ ಕುದಿನೀರಿಗೆ ತಗಲಿದ ಕಾಲು ಸುಟ್ಟರೂ ನೋವಾಗದೆ ಹೋದಾಗ ಅವರಿಗೆ ರೋಗದ ಸುಳಿವು ಸಿಕ್ಕಿತು. ಸ್ಥಾನಪಲ್ಲಟ ಅದಕ್ಕೆ 11 ವರ್ಷ ಮೊದಲೇ ಆಗಿಹೋಗಿತ್ತು.

ಆಕ್ಷೇಪಗಳು

ಡೇಮಿಯನ್ ಮೃದು ಸ್ವಭಾವದವರಾಗಿರಲಿಲ್ಲ. ಹೆಂಡ ಕಾಯಿಸುವವರ ಮೇಲೆ ಕೋಲೆತ್ತಿಕೊಂಡು ಹೋಗುತ್ತಿದ್ದರು. ಮಂಡಳಿಯೊಡನೆ, ಮೇಲಧಿಕಾರಿಗಳೊಡನೆ ಜಗಳವಾಡುತ್ತಿದ್ದರು. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ಹ್ಯೂ ಚಾಪ್‌ಮನ್, ಡೇಮಿಯನ್ ಅವರಿಗಾಗಿ ಹಣ ಕೂಡಿಸಿ ಕಳಿಸಿದಾಗ, ಇದರಿಂದ ತಮ್ಮ ಸಂಸ್ಥೆಗೆ ಅಪಖ್ಯಾತಿ ಬಂತೆಂದು ಮೇಲಿನವರು ಮುನಿಸಿಕೊಂಡರು. ಡೇಮಿಯನ್ ತೀರಿಕೊಂಡ ಕೆಲವೇ ತಿಂಗಳಲ್ಲಿ ಹೊನೊಲುಲುವಿನ ಪ್ರಾಟೆಸ್ಟೆಂಟ್ ಪಾದ್ರಿ ಹೈಡ್, ಆತ ಒರಟ, ಕೊಳಕ, ಶೀಲಗೆಟ್ಟವನೆಂದು ಪತ್ರ ಬರೆದರು. ಇದಕ್ಕೆ 1890ರಲ್ಲಿ ಬಹಿರಂಗ ಉತ್ತರ ಕೊಟ್ಟ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್, ತಾನೂ ಪ್ರಾಟೆಸ್ಟೆಂಟನೇ. ಆತ ಆ ವಸಾಹತನ್ನು ಕಣ್ಣಾರೆ ಕಂಡಿದ್ದ. ಡೇಮಿಯನ್ ಅವರ ಒರಟುತನ, ಹಟಮಾರಿತನಗಳನ್ನು ಒಪ್ಪಿಕೊಂಡೇ ಅವರನ್ನು ಸಮರ್ಥಿಸಿದ. ಪ್ರೀತಿ ಎಂದರೆ ಸಿಹಿಮಾತು ಎಂದುಕೊಂಡವರಿಗೆ ಇದು ಬಿಡಿಸಲಾಗದ ಒಗಟು. ಪ್ರೀತಿಯನ್ನು ಕೃತಿಯಿಂದ ಅಳೆಯುವವರಿಗೆ ಒಗಟೇನೂ ಇಲ್ಲ. ಹಾಗೆಂದು ಕೋಲಿನ ವಿಷಯವನ್ನು ಕಡೆಗಣಿಸುವಂತಿಲ್ಲ. ರೋಗಿಗಳ ಪರವಾಗಿ ತಾನೇ ತೀರ್ಮಾನಿಸುವ ಯಜಮಾನಿಕೆ ಆ ಸೇವೆಯೊಳಗೂ ಇತ್ತು.

ಸಾಯದೆ ಮಾಡಿದ ತ್ಯಾಗ

ರೋಗವನ್ನೇ ತ್ಯಾಗದ ಗುರುತಾಗಿಸುವ ಓದು ಇಕ್ಕಟ್ಟಿಗೆ ಸಿಲುಕುವುದು ಡೇಮಿಯನ್ ಅವರ ಸಂಗಡಿಗರ ವಿಷಯ ಬಂದಾಗ. ಸಿರಕ್ಯೂಸಿನ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀ ಮೇರಿಯಾನ್ ಕೋಪ್ 1883ರಲ್ಲಿ ಹವಾಯಿಗೆ, 1888ರಲ್ಲಿ ಮೊಲೊಕಾಯಿಯ ಅದೇ ತೀರದ ಕಲವುಪಾಪಕ್ಕೆ ಬಂದರು; 1918ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕೆಂಬ ಅವರ ಕಟ್ಟುನಿಟ್ಟಿಗೆ ವಿನಾಯಿತಿ ಇರಲಿಲ್ಲ. ಅವರಿಗಾಗಲಿ ಅವರ ಜೊತೆಗಿದ್ದ ಸೋದರಿಯರಿಗಾಗಲಿ ರೋಗ ತಗಲಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಜೋಸೆಫ್ ಡಟನ್ 1886ರಲ್ಲಿ ಬಂದು, ಸುಮಾರು 44 ವರ್ಷ ದುಡಿದರು. ಅವರಿಗೂ ರೋಗ ಬರಲಿಲ್ಲ. ಧರ್ಮಸಭೆ ಡೇಮಿಯನ್ ಅವರಿಗೆ 2009ರಲ್ಲಿ, ಮೇರಿಯಾನ್ ಅವರಿಗೆ 2012ರಲ್ಲಿ ಸಂತ ಪದವಿ ನೀಡಿತು. ಸೋಂಕು ತಗಲಿಸಿಕೊಳ್ಳದ ಎಚ್ಚರವೂ ರೋಗಿಯ ಮೇಲಿನ ಪ್ರೀತಿಯೇ, ಏಕೆಂದರೆ ಮರುದಿನ ಬೆಳಿಗ್ಗೆ ಹುಣ್ಣು ಕಟ್ಟಲು ಒಬ್ಬರು ಬೇಕು.

ಜೊನಾಥನ್ ನಪೇಲಾ ಅವರ ಸ್ಥಿತಿ ಇದಕ್ಕೆ ವಿರುದ್ಧ. ಮಾರ್ಮನ್ ಪಂಥದ ಹಿರಿಯರಾದ ಇವರು 1873ರಲ್ಲಿ, ಡೇಮಿಯನ್ ಬಂದ ವರ್ಷವೇ, ರೋಗಿಯಾದ ಹೆಂಡತಿ ಕಿಟ್ಟಿಯ ಜೊತೆ ಕೊಕುವಾ ಆಗಿ ಬಂದರು. ಅವರಿಗೂ ರೋಗ ಅಂಟಿತು. 1879ರಲ್ಲಿ ಅಲ್ಲೇ ತೀರಿಕೊಂಡರು. ಪಂಥ ಬೇರೆಯಾದರೂ ಅವರಿಗೂ ಡೇಮಿಯನ್ ಅವರಿಗೂ ನಡುವೆ ಸ್ನೇಹವಿತ್ತು. ತ್ಯಾಗವನ್ನು ಸಾವಿನಿಂದಲೇ ಅಳೆಯುವುದಾದರೆ ನಪೇಲಾ ಡೇಮಿಯನ್ ಅವರಿಗಿಂತ ಹತ್ತು ವರ್ಷ ಮುಂದಿದ್ದರು. ಲೋಕ ಒಬ್ಬರಿಗೆ ಪ್ರತಿಮೆ ನಿಲ್ಲಿಸಿತು, ಇನ್ನೊಬ್ಬರನ್ನು ಹೆಚ್ಚಾಗಿ ಸಂಶೋಧಕರಷ್ಟೇ ಬಲ್ಲರು.

ಭಾರತದ ಕೊಂಡಿ

ಡೇಮಿಯನ್ ಅವರ ಸಾವಿನ ಬಿಸಿ ಭಾರತಕ್ಕೂ ತಟ್ಟಿತು. ಅವರ ಸ್ಮರಣೆಗೆಂದು 1889ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ನಿಧಿಯಿಂದಲೇ 1890–91ರ ಕುಷ್ಠರೋಗ ಆಯೋಗ ಇಲ್ಲಿಗೆ ಬಂತು. ರೋಗ ಸುಲಭವಾಗಿ ಹರಡುವಂಥದ್ದಲ್ಲ, ಬಲವಂತದ ಪ್ರತ್ಯೇಕತೆ ಬೇಕಿಲ್ಲ ಎಂಬ ಕಡೆಗೆ ಆಯೋಗ ವಾಲಿತು. ಆದರೂ 1898ರಲ್ಲಿ ಬಡ ರೋಗಿಗಳನ್ನು ಹಿಡಿದು ಆಶ್ರಮಕ್ಕೆ ಸೇರಿಸುವ ಕಾಯಿದೆ ಬಂದೇಬಂತು. ತ್ಯಾಗದ ಕತೆ ಕರುಣೆಯನ್ನು ಹುಟ್ಟಿಸಿದಂತೆ ಭಯವನ್ನೂ ಹುಟ್ಟಿಸಬಲ್ಲುದೆಂಬುದಕ್ಕೆ ಇದು ಪುರಾವೆ.

ಇದೇ ಹೊತ್ತಿಗೆ ಮಂಗಳೂರಿನ ಕಂಕನಾಡಿಯಲ್ಲಿ ಇನ್ನೊಂದು ಮಾದರಿ ರೂಪುಗೊಳ್ಳುತ್ತಿತ್ತು. ಜರ್ಮನಿಯ ಜೆಸ್ವಿಟ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. ಕುಷ್ಠರೋಗಿಗಳ ಆಶ್ರಮ, ಆಸ್ಪತ್ರೆ, ಪ್ಲೇಗು ರೋಗಿಗಳ ವಾರ್ಡು ಒಂದೊಂದಾಗಿ ಅದಕ್ಕೆ ಸೇರಿದವು. ಔಷಧ ಮಾರಾಟದಿಂದ ಬಂದ ಹಣವೂ ಬಡವರ ಆರೈಕೆಗೆ ಹೋಯಿತು. ಒಬ್ಬರ ದೇಹಬಲಕ್ಕೆ ಜೋತುಬೀಳದ ಈ ವ್ಯವಸ್ಥೆ 1910ರಲ್ಲಿ ಸ್ಥಾಪಕರು ತೀರಿಕೊಂಡ ಮೇಲೂ ಬೆಳೆಯಿತು.

ಉಪಸಂಹಾರ

ಮೇಲಿನ ಚರ್ಚೆಯಿಂದ ಎರಡು ನಿಲುವುಗಳು ಹೊರಡುತ್ತವೆ. ಮೊದಲನೆಯದು, ಕ್ರೈಸ್ತ ತ್ಯಾಗವನ್ನು ಕಳೆದುಕೊಂಡದ್ದರಿಂದ ಅಳೆಯುವುದಕ್ಕಿಂತ, ಯಾರ ಪಕ್ಕದಲ್ಲಿ ಎಷ್ಟು ಕಾಲ ನಿಂತು ಏನನ್ನು ಸಾಧ್ಯವಾಗಿಸಿತು ಎಂಬುದರಿಂದ ಅಳೆಯುವುದು ಪೌಲನ ಆಶಯಕ್ಕೂ ಚರಿತ್ರೆಗೂ ಹತ್ತಿರವಾದುದು. ಎರಡನೆಯದು, ಸೇವೆಯ ಚರಿತ್ರೆಯಲ್ಲಿ ಸೇವೆ ಪಡೆದವರೂ ಕರ್ತೃಗಳೇ. ಸಿಲೊವಾಮ ಸಭೆ ಕಟ್ಟಿದ ರೋಗಿಗಳನ್ನೂ ಹೆಂಡತಿಯ ಹಿಂದೆ ಹಡಗು ಹತ್ತಿದ ಗಂಡನನ್ನೂ ಹಿನ್ನೆಲೆಗೆ ಸರಿಸಿ ಬರೆದ ಸಂತಚರಿತ್ರೆ ಅಪೂರ್ಣ. ನಮ್ಮ ಕರಾವಳಿಯ ಆಶ್ರಮ, ಆಸ್ಪತ್ರೆಗಳ ಚರಿತ್ರೆ ಬರೆಯುವಾಗಲೂ ಸ್ಥಾಪಕರ ಜೀವನಚರಿತ್ರೆಗಳ ಜೊತೆಗೆ ಖರ್ಚಿನ ಪುಸ್ತಕಗಳನ್ನೂ ರೋಗಿಗಳ ದಾಖಲಾತಿಗಳನ್ನೂ ಓದಬೇಕಾದ ಅಗತ್ಯವನ್ನು ಕಲವಾವೊ ತೋರಿಸಿಕೊಡುತ್ತದೆ.