ಒಂದು ‘ಹೋಗು’, ಎರಡು ಬೇರು

ಇಟಾಲಿಯನ್ ಕಲಿಯಹೊರಟವರನ್ನು ಶುರುವಿನಲ್ಲೇ ತಬ್ಬಿಬ್ಬು ಮಾಡುವ ಕ್ರಿಯಾಪದ ‘ಅಂದಾರೆ’. ಅರ್ಥ ಸರಳ: ಹೋಗು. ತಕರಾರಿರುವುದು ರೂಪಗಳಲ್ಲಿ. ನಾನು ಹೋಗುತ್ತೇನೆ ಎನ್ನಲು ‘ವಾದೊ’, ನೀನು ಹೋಗುವುದಕ್ಕೆ ‘ವಾಯ್’, ಅವನಿಗೂ ಅವಳಿಗೂ ‘ವಾ’. ನಾವು ಹೊರಟರೆ ‘ಅಂದ್ಯಾಮೊ’, ನೀವು ಹೊರಟರೆ ‘ಅಂದಾತೆ’. ಅವರು ಹೊರಟರೆ ಮತ್ತೆ ‘ವಾನ್ನೊ’.

ಇಲ್ಲಿರುವುದು ಎರಡು ಧಾತುಗಳ ಪಾಲುದಾರಿಕೆ. ಲ್ಯಾಟಿನ್ನಿನಲ್ಲಿ ಹೋಗುವುದಕ್ಕಿದ್ದ ಹಳೆಯ ಪದ ‘ಈರೆ’. ಅದರ ‘ಎಒ’, ‘ಈಸ್’, ‘ಇತ್’ ರೂಪಗಳು ತೀರಾ ಗಿಡ್ಡ. ಆಡುಮಾತಿನಲ್ಲಿ ಕೊನೆಯ ವ್ಯಂಜನಗಳು ಸವೆಯತೊಡಗಿದಾಗ ಅವುಗಳಲ್ಲಿ ಕಿವಿಗೆ ಸಿಗುವಂಥದ್ದು ಹೆಚ್ಚೇನೂ ಉಳಿಯಲಿಲ್ಲ. ಜನ ಇನ್ನಷ್ಟು ಮೈಕೈ ತುಂಬಿದ ‘ವಾದೆರೆ’ಗೆ ಹೊರಳಿದರು. ಹೆಜ್ಜೆ ಹಾಕು, ನುಗ್ಗು ಎಂಬುದು ಅದರ ಅರ್ಥ. ದಾಳಿಯಿಡುವ ‘ಇನ್ವಾದೆರೆ’ಯಲ್ಲಿ, ತಪ್ಪಿಸಿಕೊಂಡು ಓಡುವ ‘ಎವಾದೆರೆ’ಯಲ್ಲಿ ಆ ರಭಸ ಇಂದಿಗೂ ಇದೆ.

‘ಅಂದಾರೆ’ಯ ಮೂಲದ ಬಗ್ಗೆ ವಿದ್ವಾಂಸರ ವಾದ ಮುಗಿದಿಲ್ಲ. ಅಡ್ಡಾಡು ಎಂಬರ್ಥದ ‘ಅಂಬುಲಾರೆ’ ಎನ್ನುವವರುಂಟು. ಸುತ್ತಾಡು ಎಂಬರ್ಥದ, ಊಹಿಸಿ ಕಟ್ಟಿದ ‘ಅಂಬಿತಾರೆ’ ಎನ್ನುವವರೂ ಉಂಟು. ಎರಡನೆಯದು ನಿಜವಾದರೆ ತಮಾಷೆಯೇ. ಅದರ ‘ಅಂಬ್’ ಎಂದರೆ ಸುತ್ತ. ಉಳಿದದ್ದು ‘ಈರೆ’ಯ ಸಂತಾನ. ಮುಂಬಾಗಿಲಿನಿಂದ ಹೊರಗೆ ಹೋದದ್ದು ಹಿತ್ತಿಲಿನಿಂದ ಒಳಗೆ ಬಂದಂತಾಯಿತು.

ಇಬ್ಬರ ನಡುವೆ ಪಾಲು ಹಂಚಿದ್ದು ಉಚ್ಚಾರಣೆಯ ಒತ್ತು. ಅದು ಧಾತುವಿನ ಮೇಲೆ ಬೀಳುವ ನಾಲ್ಕು ಕಡೆ ‘ವಾ’, ಪ್ರತ್ಯಯಕ್ಕೆ ಜಾರುವ ನಾವು–ನೀವುಗಳಲ್ಲಿ ‘ಅಂದ್’. ಫ್ರೆಂಚಿನದೂ ಇದೇ ಲೆಕ್ಕ: ‘ವೆ’, ‘ವಾ’, ‘ವಾ’, ಆಮೇಲೆ ‘ಅಲೋಂ’, ‘ಅಲೇ’, ಕೊನೆಗೆ ಮತ್ತೆ ‘ವೋಂ’. ಅಲ್ಲಿ ಭವಿಷ್ಯತ್ಕಾಲದ ರೂಪಗಳಲ್ಲಿ ‘ಈರೆ’ಯೂ ಜೀವ ಹಿಡಿದುಕೊಂಡಿದೆ.

ಭೂತಕಾಲದಲ್ಲಿ ‘ಅಂದಾರೆ’ಯದೇ ಕಾರುಬಾರು. ಅವನು ‘ಅಂದಾತೊ’, ಅವಳು ‘ಅಂದಾತಾ’. ಹೋದ, ಹೋದಳು ಎನ್ನುವ ನಮಗೆ ಇದು ಹೊಸತಲ್ಲ. ಕಾಗದವೊಂದು ‘ಎ ಅಂದಾತಾ ಪೆರ್ದೂತಾ’ ಎಂದರೆ ಅಕ್ಷರಶಃ ‘ಕಳೆದುಹೋಯಿತು’. ಕಳೆದದ್ದರ ಜೊತೆಗೆ ‘ಹೋಗು’ವನ್ನು ಅಂಟಿಸುವ ರೂಢಿ ಎರಡು ಭಾಷೆಗಳಿಗೂ ಬಂದಿದೆ.

ಆದರೆ ವರ್ತಮಾನಕಾಲದಲ್ಲಿ ಈ ಜೋಡಣೆಯನ್ನು ನಂಬಿ ಕೂರುವಂತಿಲ್ಲ. ಹೋಟೆಲಿನ ಬಿಲ್ಲು ‘ವಾ ಪಗಾತೊ’ ಎಂದರೆ ಅದು ಸಂದಾಯವಾಗಿಹೋಯಿತು ಎಂದಲ್ಲ, ಸಂದಾಯವಾಗಲೇಬೇಕು ಎಂದು. ಜೇಬಿಗೆ ಕೈ ಹಾಕುವುದೇ ಸರಿ.