ಸಮುದ್ರದಲ್ಲಿ ಮೊದಲ ತೈಲ ಬಾವಿ ಕೊರೆದದ್ದು 1947ರಲ್ಲೇ?

‘ಸಮುದ್ರದಲ್ಲಿ ಮೊದಲ ತೈಲ ಬಾವಿ ಕೊರೆದದ್ದು 1947ರಲ್ಲಿ, ಮೆಕ್ಸಿಕೋ ಕೊಲ್ಲಿಯಲ್ಲಿ’ ಎಂಬ ಮಾತನ್ನು ನೀವೂ ಓದಿರಬಹುದು. ಇದು ಅರ್ಧ ಸತ್ಯ.

ಅದಕ್ಕೂ ಮೊದಲು ಏನಾಗಿತ್ತು?
1890ರ ದಶಕದಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದ ಸಮ್ಮರ್‌ಲ್ಯಾಂಡ್‌ನಲ್ಲಿ ಕಡಲೊಳಗೆ ಬಾವಿ ಕೊರೆದಿದ್ದರು. ಅಲ್ಲಿ ಕಡಲಿಗೆ ಹತ್ತಿರವಿದ್ದ ಬಾವಿಗಳಲ್ಲೇ ಹೆಚ್ಚು ತೈಲ ಸಿಗುತ್ತಿತ್ತು. ಹಾಗಾಗಿ ದಡದಿಂದ ನೀರಿನೊಳಕ್ಕೆ ಸೇತುವೆಯಂತೆ ಮರದ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ಕೊರೆದರು.

1947ರ ವಿಶೇಷವೇನು?
ಕೆರ್-ಮೆಗೀ ಕಂಪನಿಗೆ ಲೂಯಿಸಿಯಾನಾ ತೀರದಿಂದ ದಡವೇ ಕಾಣದಷ್ಟು ದೂರದಲ್ಲಿ ತೈಲ ಸಿಕ್ಕಿತು. ಅಂಥ ಯಶಸ್ಸು ಅದೇ ಮೊದಲು. ಆದರೆ ಅಲ್ಲಿನ ನೀರಿನ ಆಳ ಸುಮಾರು 6 ಮೀಟರ್ ಮಾತ್ರ!

ಭಾರತದಲ್ಲಿ?
1974ರಲ್ಲಿ ‘ಸಾಗರ್ ಸಮ್ರಾಟ್’ ಎಂಬ ಕೊರೆಯುವ ನೌಕೆ ಮುಂಬೈಯಿಂದ ಸುಮಾರು 160 ಕಿ.ಮೀ. ದೂರದ ಬಾಂಬೆ ಹೈನಲ್ಲಿ ತೈಲ ಪತ್ತೆಹಚ್ಚಿತು. 1976ರಲ್ಲಿ ಉತ್ಪಾದನೆ ಶುರುವಾಯಿತು.

ಹಳೆಯ ಬಾವಿಗಳು ಏನಾದವು?
ಸಮ್ಮರ್‌ಲ್ಯಾಂಡ್‌ನಲ್ಲಿ ತೈಲ ಸಹಜವಾಗಿಯೂ ಒಸರುತ್ತದೆ. ಅದರ ಜೊತೆಗೆ, ಸರಿಯಾಗಿ ಮುಚ್ಚದೆ ಬಿಟ್ಟ ಬಾವಿಗಳಿಂದ ಶತಮಾನ ಕಳೆದರೂ ಬೀಚಿಗೆ ತೈಲ ಸೋರುತ್ತಿತ್ತು. ಅವುಗಳಲ್ಲೊಂದಾದ ‘ಬೆಕರ್’ ಬಾವಿಯನ್ನು ಮುಚ್ಚಿದ್ದು 2018ರಲ್ಲಿ, ಸರ್ಕಾರಿ ಹಣದಲ್ಲಿ.

ಆದ್ದರಿಂದ ಈ ಸಂದೇಶ ಫಾರ್ವರ್ಡ್ ಮಾಡುವ ಮುನ್ನ ‘ದಡ ಕಾಣದಷ್ಟು ದೂರದಲ್ಲಿ’ ಎಂಬ ಮಾತು ಸೇರಿಸಿ. ಆಗ ಅದು ಪೂರ್ತಿ ನಿಜವಾಗುತ್ತದೆ.