ಆಂಗ್ಲ ಕಾರ್ಮಿಕ ಪಕ್ಷವೂ ಸುವರ್ಣಪ್ರಮಾಣವೂ

1929ರ ಜೂನ್ ತಿಂಗಳಿನಲ್ಲಿ ರ‍್ಯಾಮ್ಸೆ ಮ್ಯಾಕ್ಡೊನಲ್ಡರು ಇಂಗ್ಲೆಂಡಿನಲ್ಲಿ ಎರಡನೆಯ ಸಲ ಪ್ರಧಾನಮಂತ್ರಿಗಳಾದಾಗ ಕಾರ್ಮಿಕ ಪಕ್ಷಕ್ಕೆ ಪಾರ್ಲಿಮೆಂಟಿನಲ್ಲಿ ಬಹುಮತವಿರಲಿಲ್ಲ. ಲಿಬರಲರ ದಾಕ್ಷಿಣ್ಯದಿಂದ ಸರ್ಕಾರ ನಡೆಯಬೇಕಾಗಿದ್ದಿತು. ಪಕ್ಷದ ಕೊರತೆ ಇಷ್ಟೇ ಆಗಿರಲಿಲ್ಲ. ಸಮಾಜವಾದವು ಎಂದಾದರೊಂದು ದಿನ ಬಂದೇ ಬರುವುದೆಂದು ಅದು ನಂಬಿದ್ದಿತು. ಬರುವ ತನಕ ಬಂಡವಾಳಗಾರರ ವ್ಯವಸ್ಥೆಯನ್ನು ಹೇಗೆ ನಡಸಬೇಕೆಂಬುದಕ್ಕೆ ಅದರಲ್ಲಿ ಸ್ವಂತವಾದ ಆರ್ಥಿಕ ವಿಚಾರವಾವುದೂ ಇರಲಿಲ್ಲ.

ಧನಮಂತ್ರಿ ಫಿಲಿಪ್ ಸ್ನೋಡನ್ನರು ನೇಕಾರರ ಮನೆಯಲ್ಲಿ ಹುಟ್ಟಿದವರು, ಬಡವರ ಬವಣೆಯನ್ನು ಬಲ್ಲವರು. ಆದರೆ ಲೆಕ್ಕದ ಪುಸ್ತಕವನ್ನು ತೆರೆದೊಡನೆ ಗ್ಲ್ಯಾಡ್‌ಸ್ಟನ್ನನ ಶಿಷ್ಯರಾಗಿಬಿಡುತ್ತಿದ್ದರು. ಆಯವ್ಯಯ ಸರಿದೂಗಬೇಕು, ವ್ಯಾಪಾರಕ್ಕೆ ಸುಂಕದ ಅಡ್ಡಿ ಕೂಡದು, ಪೌಂಡು ಚಿನ್ನವನ್ನು ಬಿಡಕೂಡದು. ಇತ್ತ ಅಧಿಕಾರಕ್ಕೆ ಬಂದಾಗ 11 ಲಕ್ಷದಷ್ಟಿದ್ದ ನಿರುದ್ಯೋಗಿಗಳು 1930ರ ಕೊನೆಗೆ 25 ಲಕ್ಷವಾದರು. ಸರ್ಕಾರವೇ ಸಾಲ ಮಾಡಿ ಕೆಲಸ ಒದಗಿಸಬೇಕೆಂದು ತರುಣ ಮಂತ್ರಿ ಆಸ್ವಲ್ಡ್ ಮೋಸ್ಲಿ ಸಲಹೆಯಿತ್ತನು. ಅದು ತಿರಸ್ಕೃತವಾಗಲು 1930ರ ಮೇ ತಿಂಗಳಿನಲ್ಲಿ ರಾಜೀನಾಮೆ ಕೊಟ್ಟನು. ಆತನು ಮುಂದೆ ಫ್ಯಾಸಿಸ್ಟನಾಗಿ ಕೆಟ್ಟ ಹೆಸರು ಪಡೆದನೆಂಬುದು ನಿಜ. ಅದರಿಂದ ಆ ಸಲಹೆ ಸುಳ್ಳಾಗುವುದಿಲ್ಲ.

1931ರ ಜುಲೈ ಕೊನೆಯ ದಿನ ಮೇ ಸಮಿತಿಯ ವರದಿ ಹೊರಬಿದ್ದಿತು. ಬೊಕ್ಕಸಕ್ಕೆ 12 ಕೋಟಿ ಪೌಂಡು ಕೊರತೆ ಬೀಳುವುದೆಂದೂ, ನಿರುದ್ಯೋಗಿಗಳ ಭತ್ಯವನ್ನು ಕಡಿತಮಾಡಬೇಕೆಂದೂ ಅದರ ಅಭಿಪ್ರಾಯ. ಪರದೇಶದ ಸಾಹುಕಾರರು ಬೆದರಿದರು. ಲಂಡನ್ನಿನಿಂದ ಹಣ ಹೊಳೆಯಂತೆ ಹರಿದುಹೋಯಿತು. ಭತ್ಯದಲ್ಲಿ ನೂರಕ್ಕೆ 10ರಷ್ಟು ಕಡಿತವಾಗದ ಹೊರತು ಹೊಸ ಸಾಲ ಹುಟ್ಟದೆಂಬಂತಾಯಿತು. ಆಗಸ್ಟ್ 23ರ ರಾತ್ರಿ ಮಂತ್ರಿಮಂಡಲ ಇಬ್ಭಾಗವಾಯಿತು. ಅರ್ಧದ ಸಮೀಪದಷ್ಟು ಮಂತ್ರಿಗಳು ಒಪ್ಪಲಿಲ್ಲ. ಕಡಿತ ಬೇಡವೆಂದವರಿಗೆ ಹೃದಯವಿದ್ದಿತು, ಬದಲು ಹಾದಿ ತಿಳಿದಿರಲಿಲ್ಲ. ಮರುದಿನ ಮ್ಯಾಕ್ಡೊನಲ್ಡರು ಎದುರಾಳಿಗಳೊಡನೆ ಕೂಡಿ ರಾಷ್ಟ್ರೀಯ ಸರ್ಕಾರ ಕಟ್ಟಿದರು. ಸ್ನೋಡನ್ನರೂ ಜೊತೆಗೆ ಹೋದರು.

ಚಿನ್ನವನ್ನು ಉಳಿಸಲೆಂದೇ ಹುಟ್ಟಿದ ಆ ಸರ್ಕಾರವು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 21ರಂದು, ಸುವರ್ಣಪ್ರಮಾಣವನ್ನು ಬಿಟ್ಟುಕೊಟ್ಟಿತು! ಪ್ರಳಯವೇನೂ ಆಗಲಿಲ್ಲ. 1932ರ ಜೂನ್ ವೇಳೆಗೆ ಬ್ಯಾಂಕಿನ ಬಡ್ಡಿ ನೂರಕ್ಕೆ 2ಕ್ಕೆ ಇಳಿದಿತ್ತು. ಹೀಗೂ ಮಾಡಬಹುದೆಂದು ತಮಗಾರೂ ಹೇಳಿರಲಿಲ್ಲವೆಂದು ಹಳೆಯ ಮಂತ್ರಿಯೊಬ್ಬರು ಅಂದರೆಂದು ಪ್ರತೀತಿ. ಪೌಂಡಿಗೆ ಕಟ್ಟುಬಿದ್ದಿದ್ದ ರೂಪಾಯಿಯೂ ಚಿನ್ನವನ್ನು ತೊರೆಯಿತು. ಬೆಲೆಯಿಳಿತದಿಂದ ಬೇಸತ್ತ ಭಾರತದ ರೈತರ ಮನೆಯ ಒಡವೆಗಳು ಬೊಂಬಾಯಿಯ ಹಡಗು ಹತ್ತಿದವು.

ಅಕ್ಟೋಬರ್ ಚುನಾವಣೆಯಲ್ಲಿ ಪಕ್ಷವು 50ರ ಆಸುಪಾಸಿನ ಸ್ಥಾನಗಳಿಗೆ ಕುಸಿಯಿತು. ನಿಜವಾದ ಮರುವಿಚಾರ ನಡೆದುದು ಆ ಸೋಲಿನ ನೆರಳಿನಲ್ಲಿ. ಹ್ಯೂ ಡಾಲ್ಟನ್ನರೂ ತರುಣ ಅರ್ಥಶಾಸ್ತ್ರಜ್ಞರೂ ಬ್ಯಾಂಕು, ಬಂಡವಾಳ, ಉದ್ಯೋಗಗಳನ್ನು ಕುರಿತು ವರ್ಷಗಟ್ಟಲೆ ಚರ್ಚಿಸಿದರು. ಕೇನ್ಸರ ವಿಚಾರಗಳು ಮೆಲ್ಲನೆ ಒಳಹೊಕ್ಕವು. 1945ರಲ್ಲಿ ಆಟ್ಲಿಯವರ ಸರ್ಕಾರ ಭಾರಿ ಬಹುಮತದಿಂದ ಬಂದಾಗ ಡಾಲ್ಟನ್ನರೇ ಧನಮಂತ್ರಿಗಳಾದರು. 1946ರ ಮಾರ್ಚ್ 1ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ರಾಷ್ಟ್ರದ ಸ್ವತ್ತಾಯಿತು.